ಮಂಜಿನ ಬೆಟ್ಟದಲ್ಲಿ ನೆಲೆ ನಿಂತ ಡಯಾನ್ ಫಾಸಿ



ಮಹಿಳಾ ವೇದಿಕೆಯ ಈ ಸಲದ ಇ-ಸಂಚಿಕೆಗೆ ಒಬ್ಬ ಸಾಧಕಿಯ ಬದುಕಿನ ಬಗ್ಗೆ ಬರೆಯುವಂತೆ ಕೇಳಿದಾಗ ನಾನು ಆರಿಸಿಕೊಂಡದ್ದು ಡಯಾನ್ ಫಾಸಿಯನ್ನು. ನಾನು ಓದಿದ್ದು ಎಂಟೆಕ್, ಪುಣೆಯಲ್ಲಿ ಮಾಡುವುದು ಸಾಫ್ಟ್‌ವೇರ್ ಕೆಲಸ. ಕಾಡಿಗೂ ನನಗೂ ಇರುವ ನಂಟು ರಜೆಯಲ್ಲಿ ಎಂದೋ ಒಮ್ಮೆ ಸಫಾರಿ ಜೀಪು ಹತ್ತುವಷ್ಟು ಮಾತ್ರ. ಆದರೂ ಈಕೆಯ ಕಥೆ ನನ್ನನ್ನು ಬಿಡದೆ ಕಾಡಿದ್ದಕ್ಕೆ ಒಂದು ಕಾರಣವಿದೆ. ಪರ್ವತ ಗೊರಿಲ್ಲಾಗಳನ್ನು ಉಳಿಸಿದವಳು ಎಂದು ಡಯಾನ್ ಹೆಸರು ಜಗತ್ತಿಗೆ ಗೊತ್ತು. ನನಗೆ ಅದಕ್ಕಿಂತ ಹತ್ತಿರವಾದದ್ದು ಗೊತ್ತುಗುರಿಯಿಲ್ಲದ ಜಾಗದಲ್ಲಿ ಆಕೆ ಹೇಗೆ ನೆಲೆಯೂರಿದಳು ಎಂಬ ವಿಷಯ. ಊರು ಬಿಟ್ಟು ಬಂದು ಬೇರೆ ಭಾಷೆಯ ನಡುವೆ ಸಂಸಾರ ಹೂಡಿರುವ ನಮ್ಮಂಥವರಿಗೆ ಅದರಲ್ಲಿ ಕಲಿಯುವುದು ಬಹಳ ಇದೆ. ಆಕೆ ಗೆದ್ದಲ್ಲಿಯೂ ಇದೆ, ಸೋತಲ್ಲಿಯೂ ಇದೆ.

ಡಯಾನ್ ಹುಟ್ಟಿದ್ದು 1932ರ ಜನವರಿ 16ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅವಳು ಚಿಕ್ಕವಳಿರುವಾಗಲೇ ಅಪ್ಪ ಅಮ್ಮ ಬೇರೆಯಾದರು. ಅಮ್ಮ ಮತ್ತೆ ಮದುವೆಯಾದಳು. ಮಲತಂದೆಯ ಮನೆಯಲ್ಲಿ ಶಿಸ್ತು ಹೆಚ್ಚು, ಮಮತೆ ಕಡಿಮೆ. ದೊಡ್ಡವರ ಜೊತೆ ಊಟದ ಮೇಜಿಗೆ ಕೂರುವ ಅನುಮತಿಯೂ ಆ ಮಗುವಿಗೆ ಇರಲಿಲ್ಲ. ಪ್ರೀತಿಗಾಗಿ ಅವಳು ಹುಡುಕಿಕೊಂಡದ್ದು ಪ್ರಾಣಿಗಳನ್ನು, ಅದರಲ್ಲೂ ಕುದುರೆಗಳನ್ನು. ಪಶುವೈದ್ಯಳಾಗಬೇಕೆಂದು ಕಾಲೇಜಿಗೆ ಸೇರಿದಳು. ಆದರೆ ರಸಾಯನಶಾಸ್ತ್ರ, ಭೌತಶಾಸ್ತ್ರಗಳು ಕೈಕೊಟ್ಟವು. ಆ ದಾರಿ ಬಿಟ್ಟು ಆಕ್ಯುಪೇಷನಲ್ ಥೆರಪಿ ಓದಿ 1954ರಲ್ಲಿ ಪದವಿ ಪಡೆದಳು. ನಂತರ ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ, ಅಂಗವೈಕಲ್ಯವಿರುವ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಮಾತು ಬಾರದ, ಅಪರಿಚಿತರನ್ನು ಕಂಡರೆ ಮುದುರಿಕೊಳ್ಳುವ ಮಕ್ಕಳ ಎದುರು ತಾಳ್ಮೆಯಿಂದ ಕೂತು, ಅವರೇ ಹತ್ತಿರ ಬರುವವರೆಗೂ ಕಾಯುವ ಕೆಲಸ ಅದು. ಅಲ್ಲಿ ಕಲಿತದ್ದು ಮುಂದೆ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಆಗ ಅವಳಿಗೆ ಹೇಗೆ ತಿಳಿಯಬೇಕು?

ಆಫ್ರಿಕಾ ನೋಡಬೇಕೆಂಬುದು ಅವಳ ಬಹುದಿನದ ಕನಸು. ಕೈಯಲ್ಲಿ ಹಣವಿರಲಿಲ್ಲ. ಒಂದು ವರ್ಷದ ಸಂಬಳದಷ್ಟು ಮೊತ್ತವನ್ನು, ಅಂದರೆ ಸುಮಾರು 8,000 ಡಾಲರುಗಳನ್ನು ಸಾಲ ಮಾಡಿ 1963ರಲ್ಲಿ ಏಳು ವಾರಗಳ ಪ್ರವಾಸ ಹೊರಟಳು. ಟಾಂಗನಿಕಾದ ಓಲ್ಡುವಾಯ್ ಕಣಿವೆಯಲ್ಲಿ ಮಾನವನ ಪುರಾತನ ಅವಶೇಷಗಳನ್ನು ಅಗೆಯುತ್ತಿದ್ದ ಪ್ರಸಿದ್ಧ ವಿಜ್ಞಾನಿ ಲೂಯಿ ಲೀಕಿಯನ್ನು ಭೇಟಿಯಾದಳು. ಅಲ್ಲಿಯೇ ಜಾರಿಬಿದ್ದು ಕಾಲು ಉಳುಕಿಸಿಕೊಂಡಳು. ಊದಿದ ಕಾಲಿನಲ್ಲೇ ಕಾಂಗೋದ ಮಿಕೇನೋ ಪರ್ವತ ಹತ್ತಿ ಕಬಾರಾ ಎಂಬ ಹುಲ್ಲುಗಾವಲು ತಲುಪಿದಳು. ಛಾಯಾಗ್ರಾಹಕ ದಂಪತಿ ಅಲನ್ ಮತ್ತು ಜೋನ್ ರೂಟ್ ಅಲ್ಲಿ ಬೀಡುಬಿಟ್ಟಿದ್ದರು. ಅವರ ನೆರವಿನಿಂದ ಮೊದಲ ಬಾರಿ ಪರ್ವತ ಗೊರಿಲ್ಲಾಗಳನ್ನು ನೋಡಿದಳು. ಮರಳಿ ಬಂದು ಸಾಲ ತೀರಿಸುತ್ತಾ ಆಸ್ಪತ್ರೆಯ ಕೆಲಸ ಮುಂದುವರಿಸಿದಳಾದರೂ ಮನಸ್ಸು ಆ ಬೆಟ್ಟದಲ್ಲೇ ಉಳಿದಿತ್ತು.

1966ರಲ್ಲಿ ಲೀಕಿ ಉಪನ್ಯಾಸಕ್ಕೆಂದು ಲೂಯಿವಿಲ್‌ಗೆ ಬಂದರು. ಗೊರಿಲ್ಲಾಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿ ದಾಖಲಿಸುವವರು ಅವರಿಗೆ ಬೇಕಾಗಿತ್ತು. ಚಿಂಪಾಂಜಿಗಳ ಅಧ್ಯಯನಕ್ಕೆ ಜೇನ್ ಗುಡಾಲ್‌ರನ್ನು ಕಳಿಸಿ ಗೆದ್ದಿದ್ದ ಅವರಿಗೆ, ಇಂಥ ಕೆಲಸಕ್ಕೆ ಬೇಕಾದ ತಾಳ್ಮೆ ಹೆಣ್ಣುಮಕ್ಕಳಲ್ಲಿ ಹೆಚ್ಚು ಎಂಬ ನಂಬಿಕೆ. ಡಯಾನ್‌ಗೆ ಪ್ರಾಣಿಶಾಸ್ತ್ರದ ಪದವಿಯಿರಲಿಲ್ಲ, ಸಂಶೋಧನೆಯ ಅನುಭವವಿರಲಿಲ್ಲ. ಆದರೂ ಅವಳನ್ನೇ ಆರಿಸಿದರು. ಕಾಡಿಗೆ ಹೋಗುವ ಮೊದಲು ಅಪೆಂಡಿಕ್ಸ್ ತೆಗೆಸಿಕೊಳ್ಳಬೇಕೆಂದು ಸೂಚಿಸಿದರು. ಅವಳು ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದರೆ ಲೀಕಿಯವರ ಪತ್ರ ಕಾದಿತ್ತು. ಅದರ ಅಗತ್ಯವೇನೂ ಇಲ್ಲ, ನಿನ್ನ ಮನಸ್ಸು ಎಷ್ಟು ಗಟ್ಟಿ ಎಂದು ನೋಡಲು ಹಾಗೆ ಹೇಳಿದೆ ಎಂಬರ್ಥದ ಪತ್ರ! ಇಂದಿನ ಎಚ್‌ಆರ್ ವಿಭಾಗದವರು ಕೇಳಿದರೆ ಬೆಚ್ಚಿಬಿದ್ದಾರು.

1966ರ ಡಿಸೆಂಬರಿನಲ್ಲಿ ಡಯಾನ್ ನೈರೋಬಿಗೆ ಬಂದಿಳಿದಳು. ಏನೇನು ಸಾಮಾನು ಬೇಕೆಂದು ಜೋನ್ ರೂಟ್ ಜೊತೆಗಿದ್ದು ಕೊಡಿಸಿದಳು. ಲೀಕಿ ಹಳೆಯ ಲ್ಯಾಂಡ್ ರೋವರ್ ಒಂದನ್ನು ಕೊಂಡುಕೊಟ್ಟರು. ಗೊಂಬೆಗೆ ಹೋಗಿ ಜೇನ್ ಗುಡಾಲ್ ಶಿಬಿರ ನಡೆಸುವ ರೀತಿಯನ್ನು ನೋಡಿಬಂದಳು. 1967ರ ಜನವರಿಯಲ್ಲಿ ಅಲನ್ ರೂಟ್ ಅವಳನ್ನು ಕಬಾರಾಕ್ಕೆ ತಲುಪಿಸಿ, ಡೇರೆ ಹಾಕಿಸಿ, ಎರಡು ದಿನ ಇದ್ದು ಹೊರಟುಹೋದರು. ಅವರು ಮರಗಳ ಮರೆಯಾಗುವಾಗ, ಹಿಂದೆಯೇ ಓಡಿಹೋಗದಂತೆ ತನ್ನನ್ನು ತಾನೇ ತಡೆದುಕೊಳ್ಳಲು ಡಯಾನ್ ಡೇರೆಯ ಕಂಬವನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳಂತೆ. ಆಗ ಅವಳಿಗೆ ಮೂವತ್ತೈದು, ಈಗ ನನಗಿರುವ ವಯಸ್ಸಿನ ಆಸುಪಾಸು. ಮಗಳನ್ನು ಹೊಸ ಊರಿನ ಬಾಡಿಗೆ ಮನೆಯಲ್ಲಿ ಬಿಟ್ಟು ಅಪ್ಪ ಅಮ್ಮ ರೈಲು ಹತ್ತುವ ಹೊತ್ತು ಹೇಗಿರುತ್ತದೆಂದು ಬಲ್ಲ ನಮಗೆ ಆ ಕಂಬದ ಬೆಲೆ ಅರ್ಥವಾಗುತ್ತದೆ.

ಅವಳ ಮನೆಯೆಂದರೆ ಏಳಡಿ ಅಗಲ, ಹತ್ತಡಿ ಉದ್ದದ ಡೇರೆ. ಮಲಗುವುದು, ಬರೆಯುವುದು, ಸ್ನಾನ ಮಾಡುವುದು, ಸದಾ ಒದ್ದೆಯಾಗಿರುವ ಬಟ್ಟೆ ಒಣಗಿಸುವುದು ಎಲ್ಲವೂ ಅದರೊಳಗೇ. ಸಾಮಾನು ತುಂಬಿ ತಂದ ಪೆಟ್ಟಿಗೆಗಳೇ ಮೇಜು, ಕಪಾಟು. ತಿಂಗಳಿಗೊಮ್ಮೆ ಬೆಟ್ಟ ಇಳಿದು ಪೇಟೆಯಿಂದ ಡಬ್ಬಿಯ ಆಹಾರ ತರಬೇಕು. ತಿಂಗಳ ಕೊನೆಗೆ ಅದು ಮುಗಿದರೆ ಆಲೂಗಡ್ಡೆಯೇ ಗತಿ. ಲೂಸಿ ಎಂಬ ಹೇಂಟೆ ಇಡುವ ಮೊಟ್ಟೆಯೇ ಹಬ್ಬದೂಟ. ಕೆಲಸದವರ ಸ್ವಾಹಿಲಿ ಇವಳಿಗೆ ಬಾರದು, ಇವಳ ಇಂಗ್ಲಿಷ್ ಅವರಿಗೆ ತಿಳಿಯದು. ಕೈಸನ್ನೆಯಿಂದ ಶುರುವಾಗಿ ನಿಧಾನಕ್ಕೆ ಮಾತು ಕೂಡಿತು. ಬಾಲ್ಯದಿಂದಲೂ ಉಸಿರಾಟದ ತೊಂದರೆಯಿದ್ದ ಹೆಣ್ಣುಮಗಳು, ಎತ್ತರ ಕಂಡರೆ ಹೆದರಿಕೆ ಬೇರೆ. ಅಂಥವಳು ಹತ್ತು ಸಾವಿರ ಅಡಿಗೂ ಎತ್ತರದಲ್ಲಿ, ತುರಚೆ ಗಿಡಗಳ ನಡುವೆ, ಕೆಸರಿನಲ್ಲಿ ದಿನವೂ ಹತ್ತಿಳಿಯಬೇಕಿತ್ತು.

ಕಾಡಿನ ಮೊದಲ ಪಾಠ ಸಿಕ್ಕಿದ್ದು ಅಲನ್ ರೂಟ್ ಇದ್ದಾಗಲೇ. ಗೊರಿಲ್ಲಾಗಳು ಹೋದ ತಾಜಾ ಜಾಡು ಕಂಡಿತು. ಡಯಾನ್ ಉತ್ಸಾಹದಿಂದ ಅದನ್ನು ಹಿಡಿದು ತೆವಳುತ್ತಾ ನಡೆದಳು. ಸ್ವಲ್ಪ ದೂರ ಹೋಗಿ ನೋಡಿದರೆ ಹಿಂದೆ ಅಲನ್ ಇಲ್ಲ. ಅವರು ಜಾಡು ಶುರುವಾದಲ್ಲೇ ಶಾಂತವಾಗಿ ಕೂತಿದ್ದರು. ಅವಳು ಹೊರಟಿದ್ದು ಗೊರಿಲ್ಲಾಗಳು ಬಂದ ದಿಕ್ಕಿಗೆ, ಅವು ಹೋದ ದಿಕ್ಕಿಗಲ್ಲ! ಆಮೇಲೆ ಜಾಡು ಓದುವ ವಿದ್ಯೆಯನ್ನು ಕಲಿಸಿದವನು ಸನ್ವೆಕ್ವೆ ಎಂಬ ಕಾಂಗೋದ ಹಿರಿಯ. ಮುರಿದ ದಂಟು, ಬಾಗಿದ ಹುಲ್ಲು, ಮಣ್ಣಿನಲ್ಲಿ ಮೂಡಿದ ಬೆರಳಗಂಟಿನ ಗುರುತು, ಲದ್ದಿಯ ಬಿಸಿ ಇವೆಲ್ಲ ಅವನಿಗೆ ಅಕ್ಷರ. ಜಗತ್ತು ಡಯಾನ್‌ಳನ್ನು ಹೊಗಳುವಾಗ ಸನ್ವೆಕ್ವೆಯ ಹೆಸರನ್ನು ಮರೆತುಬಿಡುತ್ತದೆ. ಅವನಿಲ್ಲದಿದ್ದರೆ ಅವಳು ಗೊರಿಲ್ಲಾ ನೋಡುವುದು ಹಾಗಿರಲಿ, ಸಂಜೆ ಡೇರೆಗೆ ಮರಳುವುದೂ ಕಷ್ಟವಿತ್ತು.

ಆರು ತಿಂಗಳಲ್ಲಿ ಇದೆಲ್ಲ ಒಂದು ಹದಕ್ಕೆ ಬಂತು ಎನ್ನುವಾಗ ಕಾಂಗೋದಲ್ಲಿ ದಂಗೆ ಎದ್ದಿತು. 1967ರ ಜುಲೈಯಲ್ಲಿ ಸೈನಿಕರು ಬಂದು ಅವಳನ್ನು ಬೆಟ್ಟದಿಂದ ಇಳಿಸಿ ರುಮಂಗಾಬೋದಲ್ಲಿ ಕಾವಲಿನಲ್ಲಿಟ್ಟರು. ಎರಡು ವಾರದ ನಂತರ, ಹಣದ ಆಸೆ ತೋರಿಸಿ ಕಾವಲಿನವರ ಜೊತೆಯಲ್ಲೇ ಗಡಿ ದಾಟಿ ಕಿಸೋರೋ ಪಟ್ಟಣದ ಪರಿಚಿತ ಹೋಟೆಲ್ ಸೇರಿ ಪಾರಾದಳು. ಬೇರೆ ಯಾರಾದರೂ ಆಗಿದ್ದರೆ ನೇರ ಅಮೆರಿಕದ ವಿಮಾನ ಹತ್ತುತ್ತಿದ್ದರು. ಡಯಾನ್ ಅದೇ ಪರ್ವತಸಾಲಿನ ಆಚೆ ಬದಿಗೆ, ರುವಾಂಡಾಕ್ಕೆ ಹೋದಳು. ಅಲ್ಲಿ ತೋಟ ನಡೆಸುತ್ತಿದ್ದ ಅಮೆರಿಕದ ರೋಸಮಂಡ್ ಕಾರ್ ಮತ್ತು ಬೆಲ್ಜಿಯಂ ಮೂಲದ ಆಲಿಯೆಟ್ ಡಿಮಂಕ್ ಎಂಬ ಇಬ್ಬರು ಮಹಿಳೆಯರು ಅವಳ ಕೈಹಿಡಿದರು. ಜಾಗ ಹುಡುಕಲು, ಜನರೊಂದಿಗೆ ಮಾತಾಡಲು, ದಣಿದಾಗ ಬಂದು ಉಳಿಯಲು ಆಸರೆಯಾದರು. 1967ರ ಸೆಪ್ಟೆಂಬರ್ 24ರಂದು ರುವಾಂಡಾದ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದೊಳಗೆ, ಸುಮಾರು 3,000 ಮೀಟರ್ ಎತ್ತರದಲ್ಲಿ ಎರಡು ಡೇರೆಗಳು ಎದ್ದವು. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಸಾವಿರ ಮೀಟರ್ ಮೇಲೆ. ಒಂದು ಬದಿಗೆ ಕರಿಸಿಂಬಿ, ಇನ್ನೊಂದು ಬದಿಗೆ ವಿಸೋಕೆ ಪರ್ವತ. ಎರಡರ ಹೆಸರನ್ನೂ ಕೂಡಿಸಿ ಶಿಬಿರಕ್ಕೆ ಕರಿಸೋಕೆ ಎಂದು ಹೆಸರಿಟ್ಟಳು. ಮುಂದೆ ಡೇರೆಗಳ ಜಾಗದಲ್ಲಿ ತಗಡಿನ ಪುಟ್ಟ ಮನೆಗಳು ಬಂದವು.

ಗೊರಿಲ್ಲಾಗಳೆಂದರೆ ಎದೆ ಬಡಿದುಕೊಂಡು ಮೇಲೆರಗುವ ರಾಕ್ಷಸರು ಎಂದು ಸಿನಿಮಾಗಳು ನಂಬಿಸಿದ್ದ ಕಾಲವದು. ಮನುಷ್ಯರನ್ನು ಕಂಡರೆ ಅವು ಓಡುತ್ತಿದ್ದವು, ಇಲ್ಲವೆ ಅಬ್ಬರಿಸುತ್ತಿದ್ದವು. ಆರಡಿ ಎತ್ತರದ ಡಯಾನ್ ಅವುಗಳ ಮುಂದೆ ನಿಲ್ಲುವುದನ್ನೇ ಬಿಟ್ಟಳು. ಮೊಣಕಾಲೂರಿ, ಬೆರಳಗಂಟು ನೆಲಕ್ಕೊತ್ತಿ ಅವುಗಳಂತೆಯೇ ನಡೆದಳು. ಕಣ್ಣಿಟ್ಟು ನೋಡುವುದು ಅವುಗಳಲ್ಲಿ ಅಸಭ್ಯತೆ ಎಂದು ತಿಳಿದು ತಲೆ ತಗ್ಗಿಸಿದಳು. ಮೈ ಕೆರೆದುಕೊಂಡಳು, ಕಾಡು ಸೆಲರಿಯ ದಂಟು ಜಗಿದಳು. ಹೊಟ್ಟೆ ತುಂಬಿ ನೆಮ್ಮದಿಯಾಗಿರುವಾಗ ಅವು ಗಂಟಲಲ್ಲಿ ಹೊರಡಿಸುವ ಗುರುಗುರು ಸದ್ದನ್ನು ಕಲಿತು ತಾನೂ ಹೊರಡಿಸಿದಳು. ಎದೆ ಬಡಿದುಕೊಳ್ಳುವ ಸದ್ದನ್ನು ಆರಂಭದಲ್ಲಿ ಅನುಕರಿಸಿದ್ದಳು. ಅದು ಅವುಗಳಿಗೆ ಗಾಬರಿಯ ಸಂಕೇತ ಎಂದು ಗೊತ್ತಾದ ಮೇಲೆ ಬಿಟ್ಟುಬಿಟ್ಟಳು. ಪ್ರತಿಯೊಂದರ ಮೂಗಿನ ಮೇಲಿನ ಗೆರೆಗಳೂ ಬೇರೆಬೇರೆ ಎಂದು ಗಮನಿಸಿ ಚಿತ್ರ ಬರೆದು ಹೆಸರಿಟ್ಟಳು. ಎಷ್ಟು ಹತ್ತಿರ ಹೋಗಬೇಕೆಂಬ ತೀರ್ಮಾನವನ್ನು ಅವುಗಳಿಗೇ ಬಿಟ್ಟಳು. 1970ರಲ್ಲಿ ಪೀನಟ್ಸ್ ಎಂಬ ಗಂಡು ಗೊರಿಲ್ಲಾ ತಾನಾಗಿಯೇ ಕೈಚಾಚಿ ಅವಳ ಕೈಯನ್ನು ಮುಟ್ಟಿತು. ಮೂರು ವರ್ಷ ಕಾದದ್ದರ ಫಲ ಆ ಒಂದು ಕ್ಷಣ. ಛಾಯಾಗ್ರಾಹಕ ಬಾಬ್ ಕ್ಯಾಂಪ್‌ಬೆಲ್ ತೆಗೆದ ಚಿತ್ರಗಳಿಂದಾಗಿ, ಕುಟುಂಬವಾಗಿ ಬಾಳುವ, ಮಕ್ಕಳನ್ನು ಮುದ್ದಿಸುವ ಈ ಸಸ್ಯಾಹಾರಿಗಳ ನಿಜರೂಪ ಜಗತ್ತಿಗೆ ಕಂಡಿತು. ಪದವಿಯಿಲ್ಲದೆ ಬಂದವಳು 1970ರ ದಶಕದಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದಳು.

ಇದು ಅವಳು ಗೆದ್ದ ಅರ್ಧ. ಇನ್ನರ್ಧ ಬೆಟ್ಟದ ಬುಡದ ಊರುಗಳದ್ದು.

ರುವಾಂಡಾ ಪುಟ್ಟ ದೇಶ, ಜನ ದಟ್ಟ. ಉದ್ಯಾನದ ಅಂಚಿನವರೆಗೂ ಆಲೂಗಡ್ಡೆ, ಬೀನ್ಸ್ ಹೊಲಗಳು. 1960ರ ದಶಕದ ಕೊನೆಯಲ್ಲಿ ಕೀಟನಾಶಕಕ್ಕೆ ಬೇಕಾದ ಪೈರೆಥ್ರಮ್ ಹೂ ಬೆಳೆಯಲೆಂದು ಉದ್ಯಾನದ ಸುಮಾರು 10,000 ಹೆಕ್ಟೇರ್ ಕಾಡನ್ನೇ ಕಡಿದು ಹಂಚಲಾಯಿತು. ಯುರೋಪಿನ ನೆರವಿನ ಯೋಜನೆ ಅದು. ಉಳಿದ ಕಾಡಿನೊಳಗೆ ದನಗಾಹಿಗಳು ತಲೆಮಾರುಗಳಿಂದ ದನ ಮೇಯಿಸುತ್ತಿದ್ದರು. ಬಾತ್ವಾ ಜನ ಜಿಂಕೆಯಂಥ ಪ್ರಾಣಿಗಳಿಗೆ ಉರುಲು ಹಾಕುತ್ತಿದ್ದರು. ಆ ಉರುಲುಗಳಿಗೆ ಗೊರಿಲ್ಲಾಗಳ ಕೈಕಾಲು ಸಿಕ್ಕಿ ಕೊಳೆಯುತ್ತಿತ್ತು. 1969ರಲ್ಲಿ ಜರ್ಮನಿಯ ಮೃಗಾಲಯಕ್ಕಾಗಿ ಎರಡು ಮರಿಗಳನ್ನು ಹಿಡಿದಾಗ, ತಡೆಯಲು ನಿಂತ ದೊಡ್ಡ ಗೊರಿಲ್ಲಾಗಳು ಸತ್ತವು. ಸಾಯುವ ಸ್ಥಿತಿಯಲ್ಲಿದ್ದ ಕೋಕೋ, ಪಕರ್ ಎಂಬ ಆ ಮರಿಗಳಿಗೆ ಡಯಾನ್ ತನ್ನ ಮನೆಯ ಕೋಣೆಯಲ್ಲೇ ಎಲೆ ಬಳ್ಳಿ ಹಾಸಿ, ರಾತ್ರಿಯೆಲ್ಲ ಆರೈಕೆ ಮಾಡಿ ಬದುಕಿಸಿದಳು. ಕಾಡಿಗೆ ಮರಳಿಸಬೇಕೆಂಬ ಅವಳ ಮೊರೆ ಯಾರಿಗೂ ಕೇಳಲಿಲ್ಲ. ಮರಿಗಳು ಕಲೋನ್ ನಗರಕ್ಕೆ ಹೋದವು, 1978ರಲ್ಲಿ ಎರಡೂ ಅಲ್ಲೇ ಸತ್ತವು.

ಅಷ್ಟರಲ್ಲಿ ಅವಳ ಅತ್ಯಂತ ಪ್ರೀತಿಯ ಗೊರಿಲ್ಲಾ ಕೂಡ ಹೋಗಿಬಿಟ್ಟಿತ್ತು. ಒಂದು ಬೆರಳು ಊನವಾಗಿದ್ದರಿಂದ ಡಿಜಿಟ್ ಎಂದು ಕರೆಸಿಕೊಂಡಿದ್ದ ಅದು ಅವಳ ಪಕ್ಕ ಬಂದು ಕೂರುವಷ್ಟು ಸಲುಗೆ ಬೆಳೆಸಿಕೊಂಡಿತ್ತು. 1977ರ ಡಿಸೆಂಬರ್ 31ರಂದು ಕಳ್ಳಬೇಟೆಗಾರರು ಬಂದಾಗ ತನ್ನ ಗುಂಪು ಪಾರಾಗಲೆಂದು ಡಿಜಿಟ್ ಅವರನ್ನು ಎದುರಿಸಿ ನಿಂತಿತು. ಈಟಿಯಿಂದ ತಿವಿದು ಕೊಂದು ತಲೆಯನ್ನೂ ಕೈಗಳನ್ನೂ ಕತ್ತರಿಸಿ ಒಯ್ದರು. ಆ ದಿನದ ನಂತರ ಡಯಾನ್ ಮೊದಲಿನಂತಿರಲಿಲ್ಲ. ಡಿಜಿಟ್ ಹೆಸರಿನಲ್ಲಿ ನಿಧಿ ಸ್ಥಾಪಿಸಿ, ಬಂದ ಹಣದಿಂದ ಗಸ್ತುಪಡೆ ಕಟ್ಟಿದಳು. 1979ರಲ್ಲಿ ಅವಳ ನಾಲ್ವರು ಆಫ್ರಿಕನ್ ಸಿಬ್ಬಂದಿ ನಾಲ್ಕೇ ತಿಂಗಳಲ್ಲಿ 987 ಉರುಲುಗಳನ್ನು ಕಿತ್ತುಹಾಕಿದರು.

ಆದರೆ ಕೋಪ ಅಲ್ಲಿಗೇ ನಿಲ್ಲಲಿಲ್ಲ. ಮುಖವಾಡ ಹಾಕಿಕೊಂಡು ಮಾಟಗಾತಿಯಂತೆ ಹೆದರಿಸಿದಳು. ಕಾಡಿಗೆ ನುಗ್ಗಿದ ದನಗಳಿಗೆ ಬಣ್ಣ ಬಳಿದಳು. ಸಿಕ್ಕಿಬಿದ್ದ ಬೇಟೆಗಾರರನ್ನು ಕಟ್ಟಿಹಾಕಿ ತುರಚೆ ಗಿಡದಿಂದ ಹೊಡೆಸಿದ್ದೂ ಉಂಟು. ಮುಗ್ಗಲು ಹಿಡಿದ ಮನೆ, ಬಿಡದ ಮಳೆ, ಒಂಟಿತನ, ಮೇಲೆ ಡಯಾನ್‌ಳ ಸಿಡುಕು. ವಿದೇಶಗಳಿಂದ ಕನಸು ಹೊತ್ತು ಬಂದ ಸ್ವಯಂಸೇವಕರು, ವಿದ್ಯಾರ್ಥಿಗಳಲ್ಲಿ ಹಲವರು ಇವೆಲ್ಲವನ್ನೂ ತಾಳಲಾರದೆ ಬೇಗನೆ ಬೆಟ್ಟ ಇಳಿದುಹೋದರು. ಇಯಾನ್ ರೆಡ್‌ಮಂಡ್ ಅವರಂತೆ ಉಳಿದವರು ಕೆಲವರೇ. 1976ರಲ್ಲಿ ಬಂದ ಅವರು ಬದುಕನ್ನೇ ಗೊರಿಲ್ಲಾಗಳಿಗೆ ಮೀಸಲಿಟ್ಟರು. ಸಿಬ್ಬಂದಿಯ ಕುಟುಂಬಗಳನ್ನೆಲ್ಲ ಕರೆದು ಕ್ರಿಸ್‌ಮಸ್‌ಗೆ ಊಟ ಹಾಕಿ ಉಡುಗೊರೆ ಕೊಡುತ್ತಿದ್ದವಳೂ ಇದೇ ಡಯಾನ್. ಪ್ರವಾಸಿಗರಿಗೆ ಗೊರಿಲ್ಲಾ ತೋರಿಸಿ ಆ ಆದಾಯದಿಂದ ಊರವರಿಗೂ ಲಾಭವಾಗಲಿ ಎಂದು 1979ರಲ್ಲಿ ಬೇರೆಯವರು ಯೋಜನೆ ತಂದಾಗ ಅವಳು ಕಟುವಾಗಿ ವಿರೋಧಿಸಿದಳು. ಜನರಿಂದ ರೋಗ ಹರಡೀತು, ಗೊರಿಲ್ಲಾಗಳ ನೆಮ್ಮದಿ ಕೆಟ್ಟೀತು ಎಂಬ ಅವಳ ಭಯ ಸುಳ್ಳೇನಲ್ಲ. ಅದಕ್ಕೇ ಇಂದಿಗೂ ಅಲ್ಲಿ ಪ್ರವಾಸಿಗರು ದೂರ ಕಾಯ್ದುಕೊಳ್ಳಬೇಕು. ಆದರೆ ಗೊರಿಲ್ಲಾಗಳ ಮುಂದೆ ತಲೆ ತಗ್ಗಿಸಿ, ಅವು ಬರುವವರೆಗೆ ಕಾದ ತಾಳ್ಮೆಯನ್ನು ಬುಡದ ಊರಿನ ಮನುಷ್ಯರಿಗೆ ಕೊಡಲು ಅವಳಿಂದ ಆಗಲಿಲ್ಲ. ಸ್ಥಳೀಯರು ಅವಳಿಗೆ ಇಟ್ಟ ಹೆಸರು ನೈರಮಚಬೆಲಿ. ಬೆಟ್ಟದ ಮೇಲೆ ಒಬ್ಬಳೇ ಬಾಳುವ ಹೆಂಗಸು ಎಂದು ಅದನ್ನು ಅರ್ಥೈಸುತ್ತಾರೆ.

1983ರಲ್ಲಿ ಅವಳ ಪುಸ್ತಕ ಹೊರಬಂದು ಹೆಸರು ಇನ್ನಷ್ಟು ಹರಡಿತು. 1985ರ ಡಿಸೆಂಬರ್ 27ರ ಬೆಳಿಗ್ಗೆ ಕರಿಸೋಕೆಯ ತನ್ನ ಮನೆಯಲ್ಲಿ ಡಯಾನ್ ಕೊಲೆಯಾಗಿ ಬಿದ್ದಿದ್ದಳು. ಇನ್ನೂ ಐವತ್ತನಾಲ್ಕು ತುಂಬಿರಲಿಲ್ಲ. ಕೊಂದವರು ಯಾರೆಂಬುದು ಇಂದಿಗೂ ವಿವಾದವಾಗಿಯೇ ಉಳಿದಿದೆ. ಮನೆಯ ಹತ್ತಿರ, ಸತ್ತ ಗೊರಿಲ್ಲಾಗಳಿಗೆಂದು ಅವಳೇ ಮಾಡಿದ್ದ ಸ್ಮಶಾನದಲ್ಲಿ, ಡಿಜಿಟ್‌ನ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದರು.

1981ರ ಗಣತಿಯಲ್ಲಿ ವಿರುಂಗಾ ಪರ್ವತಸಾಲಿನಲ್ಲಿ ಉಳಿದಿದ್ದ ಗೊರಿಲ್ಲಾಗಳು ಸುಮಾರು 250. ಇಪ್ಪತ್ತನೇ ಶತಮಾನ ಮುಗಿಯುವುದರೊಳಗೆ ಅವು ಅಳಿಯುತ್ತವೆಂದು ಡಯಾನ್ ಅಂಜಿದ್ದಳು. 2015-16ರ ಗಣತಿಯಲ್ಲಿ ಅದೇ ಸಾಲಿನಲ್ಲಿ 604 ಇದ್ದವು. ಉಗಾಂಡದ ಬ್ವಿಂಡಿ ಕಾಡಿನವೂ ಸೇರಿ ಪರ್ವತ ಗೊರಿಲ್ಲಾಗಳ ಸಂಖ್ಯೆ ಈಗ ಸಾವಿರ ದಾಟಿದೆ. ಅವಳು ಹಾಕಿಕೊಟ್ಟ ಪದ್ಧತಿ ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. ಆದರೆ ಕೆಲಸ ಮುಂದುವರಿಸಿದವರು ರುವಾಂಡಾದ ಜನರೇ. 1994ರ ನರಮೇಧದ ಕಾಲದಲ್ಲಿ ಕರಿಸೋಕೆಯ ಮನೆಗಳೆಲ್ಲ ನಾಶವಾದವು, ವಿದೇಶಿಯರು ಹೊರಟುಹೋದರು. ಜಾಡು ಹಿಡಿಯುವ ಸ್ಥಳೀಯರು ಸಾಧ್ಯವಾದಾಗಲೆಲ್ಲ ಕಾಡಿಗೆ ಮರಳಿ ಗೊರಿಲ್ಲಾಗಳನ್ನು ನೋಡಿಕೊಂಡರು. ಅವಳು ಬೇಡವೆಂದ ಪ್ರವಾಸೋದ್ಯಮದ ಆದಾಯದಲ್ಲಿ ಈಗ ಶೇಕಡಾ 10ರಷ್ಟು ಉದ್ಯಾನಗಳ ಸುತ್ತಲಿನ ಊರುಗಳ ಶಾಲೆ, ಆಸ್ಪತ್ರೆ, ನೀರಿಗಾಗಿ ಸಲ್ಲುತ್ತದೆ. 2005ರಿಂದ ಹುಟ್ಟಿದ ಮರಿಗಳಿಗೆ ಊರವರೆಲ್ಲ ಸೇರಿ ನಾಮಕರಣ ಮಾಡುವ ಹಬ್ಬ ನಡೆಯುತ್ತದೆ. ಅದಕ್ಕೆ ಕ್ವಿಟಾ ಇಜಿನಾ ಎಂದು ಹೆಸರು.

ವಿದೇಶದ ಕಾಡಿಗೆ ಸ್ವಯಂಸೇವೆಗೆಂದು ಹೊರಡುವ ಹುಡುಗಿಯರು ಈಗ ನಮ್ಮ ನಡುವೆಯೂ ಇದ್ದಾರೆ. ಅವರಿಗೆ ನಾನು ಡಯಾನ್‌ಳ ಕಥೆಯನ್ನು ಪೂರ್ತಿ ಓದಿ ಎನ್ನುತ್ತೇನೆ. ಡೇರೆಯ ಕಂಬ ಹಿಡಿದು ನಿಂತ ಧೈರ್ಯ ಬೇಕು, ಗೊರಿಲ್ಲಾಗಳ ಮುಂದೆ ಮೊಣಕಾಲೂರಿದ ವಿನಯವೂ ಬೇಕು. ಜೊತೆಗೆ, ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡಿರುವವರ ಅಂಗಳದಲ್ಲಿ ಕೂತು ಅವರ ಕಷ್ಟ ಕೇಳುವ ಪುರುಸೊತ್ತೂ ಬೇಕು. ಕಾಡಿಗೆ ಹೋಗದ ನಮಗೂ ಈ ಮಾತು ಸಲ್ಲುತ್ತದೆ. ಪುಣೆಯಲ್ಲೋ ಚೆನ್ನೈಯಲ್ಲೋ ಕನ್ನಡದ ಗುಂಪು ಕಟ್ಟಿಕೊಂಡು ಬೆಚ್ಚಗಿರುವುದು ಸುಲಭ. ಪಕ್ಕದ ಮನೆಯ ಆಜಿಯ ಮರಾಠಿಗೆ, ಎದುರು ಮನೆಯ ಪಾಟಿಯ ತಮಿಳಿಗೆ ಕಿವಿಗೊಟ್ಟು ಕೂತಾಗಲೇ ಆ ಊರು ನಮ್ಮದಾಗಲು ತೊಡಗುತ್ತದೆ. ಈ ಹೊತ್ತಿಗೂ ವಿರುಂಗಾದ ತಪ್ಪಲಿನ ಹಳ್ಳಿಗಳಿಂದ ಜಾಡು ಹಿಡಿಯುವವರು ಬೆಳಗಾಗುವ ಮೊದಲೇ ಎದ್ದು ಬೆಟ್ಟ ಹತ್ತುತ್ತಾರೆ. ಗೊರಿಲ್ಲಾಗಳ ಹತ್ತಿರ ಬಂದಾಗ, ಡಯಾನ್ ಅಂದು ಕಲಿತ ಅದೇ ಗುರುಗುರು ಸದ್ದನ್ನು ಗಂಟಲಲ್ಲಿ ಹೊರಡಿಸಿ ತಾವು ಬಂದದ್ದನ್ನು ತಿಳಿಸುತ್ತಾರೆ.